ಇನ್ನೊಂದು ಬಾಣ

ಬಿಳಿ ಹಲಗೆಯ ನಟ್ಟನಡುವೆ ಒಂದೇ ಪದ: ಹೊಗೆ.
ಉಲಾನ್‌ಬಾತರಿನ ಡಿಸೆಂಬರ್, ಮೂರನೆಯ ಮಹಡಿ,
ನಾವು ಐದು ಜನ, ಐದು ಬಣ್ಣದ ಪೆನ್ನು.

ಮೊದಲ ದಿನ ಎಲ್ಲ ಸಲೀಸು.
ಹೊಗೆಗೆ ಕಲ್ಲಿದ್ದಲು, ಕಲ್ಲಿದ್ದಲಿಗೆ ಒಲೆ,
ಒಲೆಗೆ ಗುಡ್ಡದ ಮೇಲಿನ ಕಂಬಳಿ ಡೇರೆಗಳು.
ಡೇರೆಗಳ ಮುಂದೆ ಏನು ಬರೆಯಲಿ ಎಂದ ಎನೆರೆಲ್;
ದಂಡ, ಎಂದಳು ಖುಲಾನ್.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.
ಸರಂತುಯಾ ಮೇಡಂ ನಗಲೂ ಇಲ್ಲ, ಗದರಲೂ ಇಲ್ಲ:
"ನೇರ ಗೆರೆ ಎಳೆಯುವವರಿಗೆ
ಕಳ್ಳ ಬೇಗ ಸಿಗುತ್ತಾನೆ. ನಾಳೆ ಗುಡ್ಡ ಹತ್ತಿ."

ಹತ್ತಿದೆವು. ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು,
ಕಂಕುಳಲ್ಲಿಟ್ಟು ಕರಗಿಸಿ ಬರೆದೆವು.
ದುಲಾಮ್‌ಸುರೆನ್ ಅಜ್ಜಿ ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟು
ನಮ್ಮ ಪ್ರಶ್ನಾವಳಿಯನ್ನು ಬೆಳಕಿಗೆ ಹಿಡಿದು ನೋಡಿದಳು.
ಕಾಗದ ದಪ್ಪಗಿದೆ, ಚೆನ್ನಾಗಿ ಉರಿದೀತು ಎಂದಳು.

ಬಯಲು ಬಿಟ್ಟು ಯಾಕೆ ಬಂದಿರಿ?
ನಮ್ಮ ಹಾಳೆಯಲ್ಲಿ ಉತ್ತರ ಮೊದಲೇ ಇತ್ತು:
ಜುದ್, ಹುಲ್ಲಿನ ಮೇಲೆ ಕಬ್ಬಿಣದಂತೆ ಕೂರುವ ಹಿಮ;
ಸತ್ತ ಕುರಿಗಳ ಸಂಖ್ಯೆಗೆ ಖಾಲಿ ಜಾಗ.
ಅಜ್ಜಿ ಮೊಮ್ಮಗಳ ಕಡೆ ಗಲ್ಲ ಎತ್ತಿದಳು: ಇವಳ ಶಾಲೆಗೆ.
ಕುರಿ ಸತ್ತದ್ದು ಆಮೇಲೆ,
ನೋಡಿಕೊಳ್ಳುವ ಕೈ ಒಂದು ಜೊತೆ ಕಡಿಮೆಯಾದ ಮೇಲೆ.

ತುಗುಲ್ದುರ್ ಬಾಣ ಅಳಿಸಿ ತಿರುಗಿಸಿದ.
ಅದು ಹೋಗಿ ಇನ್ನೊಂದನ್ನು ಮುಟ್ಟಿತು, ಅದು ಮತ್ತೊಂದನ್ನು.
ಶಾಲೆಗೆ ದುಡ್ಡು, ದುಡ್ಡಿಗೆ ಮೇಕೆ, ಮೇಕೆಯ ಒಳಮೈ ಉಣ್ಣೆ
ಎಲ್ಲೋ ಯಾರದೋ ಕೊರಳಿಗೆ ಶಾಲು;
ಕುರಿ ಹುಲ್ಲಿನ ತಲೆ ತಿಂದರೆ
ಮೇಕೆ ಬೇರನ್ನೇ ಕೀಳುತ್ತದೆ;
ಬೇರಿಲ್ಲದ ಬಯಲಲ್ಲಿ ಬಡಕಲಾದ ಮಂದೆ
ಮುಂದಿನ ಹಿಮಕ್ಕೆ ಮೊಣಕಾಲೂರುತ್ತದೆ;
ಉಳಿದವರು ಡೇರೆ ಮಡಚಿ ಲಾರಿ ಹತ್ತುತ್ತಾರೆ.
ಗುಡ್ಡದ ಮೇಲೆ ಇನ್ನೊಂದು ಒಲೆ.

ನಾನು ಅಲ್ಲಿಯವರೆಗೆ ಸುಮ್ಮನಿದ್ದೆ.
ನೀಲಿ ಪೆನ್ನು ನನ್ನದು.
ಪ್ರತಿ ವಸಂತದಲ್ಲಿ ಅಪ್ಪ ಮೇಕೆಯ ಕಾಲು ಕಟ್ಟಿ
ಕಬ್ಬಿಣದ ಬಾಚಣಿಗೆ ಎಳೆಯುವಾಗಿನ ಸದ್ದನ್ನು
ನನ್ನ ಫೀಸಿನ ರಸೀದಿಯಲ್ಲಿ ಬರೆದಿರುವುದಿಲ್ಲ.
ಮೇಕೆಯಿಂದ ಹೊರಟ ಒಂದು ಬಾಣವನ್ನು
ಹಲಗೆಯ ಅಂಚಿನವರೆಗೆ ಎಳೆದೆ,
ಅಂಚು ದಾಟಿ ಗೋಡೆಯ ಮೇಲೆ, ಗೋಡೆಯಿಂದ ಇಳಿಸಿ
ನಾನು ಕೂರುವ ಕುರ್ಚಿಯವರೆಗೆ.
ಗೋಡೆಗೆ ಸುಣ್ಣ ಯಾರು ಹೊಡೆಯುತ್ತಾರೆ, ಎಂದ ಎನೆರೆಲ್.
ಮೇಡಂ ತಮ್ಮ ಶಾಲನ್ನು ಮೆಲ್ಲಗೆ ತೆಗೆದು
ಚೀಲದೊಳಗಿಟ್ಟರು.

ಕೋಣೆಯಲ್ಲಿ ಸೆಕೆ. ನಗರದ ಸ್ಥಾವರದಿಂದ ಬರುವ
ಬಿಸಿನೀರಿನ ಕೊಳವೆಗೆ ತಿರುಪು ಇಲ್ಲ,
ಸ್ಥಾವರ ತಿನ್ನುವುದೂ ಕಲ್ಲಿದ್ದಲನ್ನೇ.
ಖುಲಾನ್ ಎದ್ದು, ದಿನದ ಅಭ್ಯಾಸ, ಕಿಟಕಿ ತೆರೆದಳು.
ಹೊಗೆ ಒಳಗೆ ಬಂತು,
ಹಾಜರಿ ಕೂಗಿದಾಗ ತಡವಾಗಿ ಬಂದವರ ಹಾಗೆ
ಹಿಂದಿನ ಬೆಂಚಿನತ್ತ ನಡೆಯಿತು.
ಮುಚ್ಚು ಎಂದು ಯಾರೂ ಹೇಳಲಿಲ್ಲ.

ಮೊನ್ನೆ ಬಸ್ಸಿನವರೆಗೆ ಯೆಸುಯಿ ಬಂದಿದ್ದಳು,
ಅಜ್ಜಿಯ ಮೊಮ್ಮಗಳು, ಕೆಮ್ಮುತ್ತ.
ನನ್ನ ನೋಟ್‌ಬುಕ್ಕು ಬಿಡಿಸಿ ಕೇಳಿದಳು:
ಈ ಬಾಣದ ಮೇಲೆ ಎರಡು ಪುಟ್ಟ ಗೀರು ಯಾಕೆ?
ತಡ ಅಂತ ಅರ್ಥ, ಎಂದೆ.
ಇಲ್ಲಿ ಮಾಡಿದ್ದು ಅಲ್ಲಿ ತಟ್ಟಲು ಹಿಡಿಯುವ ಕಾಲ.
ಎಷ್ಟು?
ಬಸ್ಸು ಬಂತು. ಹತ್ತಿ ಕೂತೆ.
ಗಾಜಿನ ಹೊರಮೈಯ ಮಸಿಯಲ್ಲಿ ಅವಳು
ಕೈಗವಸಿನ ಬೆರಳಿಂದ ಎರಡು ಗೀರು ಎಳೆದಳು.
ಗುಡ್ಡ ಇಳಿದು ಮುಗಿಯುವವರೆಗೂ ಅವುಗಳ ಸಂದಿನಿಂದ
ಸಂಜೆಯ ಒಲೆಗಳು ಒಂದೊಂದಾಗಿ ಹೊತ್ತಿಕೊಳ್ಳುವುದು
ಸ್ಪಷ್ಟವಾಗಿ ಕಾಣುತ್ತಿತ್ತು.