ಪಾಲು ಕೇಳುವ ಗೋಡೆ

ಹೊಂಡದ ಸರ್ಕಲ್ಲಿನ ಹಾರ್ಡ್‌ವೇರ್ ಅಂಗಡಿಯ ಹುಡುಗ
ಮೂರು ತುಂಡು ಹರಡಿದ, ಸೆರಗು ಬಿಚ್ಚಿ ತೋರಿಸುವ ಹಾಗೆ.
ಬಿಳಿಯದು ಥರ್ಮಾಕೋಲು.
ಹಳದಿಯದು ಗಾಜಿನ ಉಣ್ಣೆ.
ನೀಲಿಯದರ ಹೆಸರು ಅವನ ಬಾಯಿಗೂ ಬರಲಿಲ್ಲ,
ಗಟ್ಟಿ ಫೋಮು ಅಂದ, ದರ ಮಾತ್ರ ಸ್ಪಷ್ಟವಾಗಿ ಹೇಳಿದ.
"ಯಾವ ರೂಮಿಗಕ್ಕಾ, ಎಸಿ ಹಾಕಿಸ್ತೀರೇನು?"
ಬಚ್ಚಲಿಗೆ ಅಂದೆ. ನೆಲಮಾಳಿಗೆಯ ಬಚ್ಚಲಿಗೆ.
ದಾವಣಗೆರೆಯ ಏಪ್ರಿಲ್‌ನಲ್ಲಿ ನಿಂತು
ಬೆಚ್ಚಗಿನ ಗೋಡೆ ಕೇಳಿದವಳನ್ನು
ಅವನು ಮೇಲಿಂದ ಕೆಳಗೆ ನೋಡಿದ.

ಮೂರು ಕಡೆಯೂ ಎರೆಮಣ್ಣು ನಮಗೆ.
ಮಳೆಗೆ ಉಬ್ಬಿ ಗೋಡೆಗೆ ಆತುಕೊಳ್ಳುತ್ತದೆ,
ಬೇಸಿಗೆಗೆ ಬೆರಳು ತೂರುವಷ್ಟು ಸರಿದು ನಿಲ್ಲುತ್ತದೆ,
ಮುನಿಸಿಕೊಂಡ ಓರಗಿತ್ತಿ.
ಬಳಿದ ಸುಣ್ಣ ಆರು ತಿಂಗಳು, ಆಮೇಲೆ ಹಪ್ಪಳ.

ಹಂಡೆ ಇರುವುದು ಅಲ್ಲೇ.
ಎರೆಯ ಹೊಟ್ಟೆಯೊಳಗೇ ನನಗೂ ಎರೆದದ್ದು.
ಎದೆಗೆ ಬಿದ್ದ ನೀರು ಸುಡುತ್ತಿತ್ತು,
ಬೆನ್ನು ಗೋಡೆಗೆ ತಾಗಿದೊಡನೆ ಜುಂ.
"ನಾ ಹಾಕಿದ ಬಿಸೀಗೆ ಇದು ಪಾಲು ಕೇಳ್ತೈತಿ ನೋಡವ್ವ"
ಎಂದು ಎರೆಯುವ ಹನುಮಕ್ಕ ಇನ್ನೊಂದು ಕೊಡ ಸುರಿದಿದ್ದಳು.
ಕಾರ್ತಿಕಕ್ಕೆ ತಂಗಿ ನೀಲಾಂಬಿಕೆಯ ಸರದಿ.

ಮೇಸ್ತ್ರಿ ಗೌಸ್‌ಪೀರ್ ಗೋಡೆ ಉಜ್ಜಿ
ಕೈ ಮೂಸಿಕೊಂಡ.
"ಒದ್ದೆ ಮೈಗೆ ಕಂಬಳಿ ಹೊದಿಸಿದ್ರೆ ನೆಗಡಿ ಬಿಡ್ತೈತೇನಕ್ಕಾ?
ಮೊದ್ಲು ಒರೆಸ್ಬೇಕು."
ಒರೆಸುವುದೆಂದರೆ ಗಾರೆ ಕಿತ್ತು, ನೀರು ತಡೆಯುವ ಬಣ್ಣ ಎರಡು ಸಲ,
ಇಪ್ಪತ್ತು ದಿನ ಸುಮ್ಮನಿರುವುದು.
ಸುಮ್ಮನಿರುವುದಕ್ಕೂ ಕೂಲಿ ಹಿಡಿದಿದ್ದ.

ಮನೆಯಲ್ಲಿ ಬಿಳಿಯದನ್ನು ಮುರಿದು ನೋಡಿದೆ:
ಮಂಡಕ್ಕಿ.
ಗಾಳಿಗೆ ಹಾರಿ ಅಂಗಳವಿಡೀ ಮಂಡಕ್ಕಿ,
ಮೆಣಸಿನಕಾಯಿ ಒಂದೇ ಕಮ್ಮಿ.
ಅದೂ ಇದೂ ಹಿಡಿಯಷ್ಟು ಕಾಳು, ಚೀಲದಷ್ಟು ಗಾಳಿ;
ಬೆಚ್ಚಗಿಡುವುದು ಆ ಗಾಳಿಯೇ ಅಂತೆ.
ಇಲಿಗಳಿಗೂ ಈ ಹೋಲಿಕೆ ಹೊಳೆದೀತು ಅನಿಸಿ ಬಿಟ್ಟೆ.

ಹಳದಿಯದನ್ನು ಬಾಗಿಲ ಬಳಿ ಇಟ್ಟಿದ್ದೆ.
ಅಪ್ಪ ಹೊರಗಿಂದ ಬಂದವರು ಹೊಸ್ತಿಲಲ್ಲೇ ನಿಂತರು.
ಹತ್ತೊಂಬತ್ತು ವರ್ಷ ಕಾಟನ್ ಮಿಲ್ಲಿನ ಬಾಯ್ಲರ್ ಮನೆ,
ಹಬೆಯ ಕೊಳವೆಗೆ ಬಿಳಿ ಹಗ್ಗ ಸುತ್ತುವ ಕೆಲಸ;
ಹಗ್ಗದ ಪುಡಿ ಮೀಸೆಯ ಮೇಲೆ,
ಬುತ್ತಿಯ ರೊಟ್ಟಿಯ ಮೇಲೆ.
ಈಗ ಮೂರು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾರೆ.
"ಅದು ಬೇರೆ ಅಪ್ಪ, ಇದು ಬೇರೆ" ಅಂದೆ.
"ಗೊತ್ತೈತಿ."
ಕೋಲಿನ ತುದಿಯಿಂದ ಅದನ್ನು ಬೀದಿಗೆ ದೂಡಿದರು,
ನಲ್ಲಿಗೆ ಹೋಗಿ ಕೈ ತೊಳೆದರು,
ಮುಟ್ಟದೇ ಇದ್ದ ಕೈಯನ್ನು,
ಮೊಣಕೈವರೆಗೆ.

ನೀಲಿಯದು ಬಂತು. ದುಬಾರಿ.
ನನ್ನ ಚೀಟಿಯ ದುಡ್ಡು ಅಲ್ಲಿಗೆ ಸರಿಹೋಯಿತು.
ಗೌಸ್‌ಪೀರ್ ಅಂಚಿಗಂಚು ಟೇಪು ಮೆತ್ತಿದ,
ಹಬೆ ಹಿಂದೆ ಹೋಗಿ ಕೂರಬಾರದಂತೆ.
ಮೇಲೆ ಹಲಗೆ, ಗಾರೆ, ಟೈಲ್ಸು.
ಬಚ್ಚಲು ನಾಲ್ಕೂ ಕಡೆ ಮೂರು ಬೆರಳು ಕಿರಿದಾಯಿತು.

ಅಜ್ಜಿಯ ಕಾಲದ ಎರೆಯುವ ಮಣೆ
ಈಗ ಅಡ್ಡಡ್ಡ ಹಿಡಿಸುವುದಿಲ್ಲ.
ಅಪ್ಪ ಅಂಗಳದಲ್ಲಿ ಕೂತು,
ಮೂಗಿಗೆ ಟವೆಲ್ಲು ಬಿಗಿದು,
ಗರಗಸ ಆಡಿಸುತ್ತಿದ್ದಾರೆ.
ನಾಲ್ಕು ಎಳೆತ, ನಿಲ್ಲುವುದು.
ನಾಲ್ಕು ಎಳೆತ.
ನಾನು ಕೊಡಿ ಅನ್ನಲಿಲ್ಲ.
ಮಣೆಯ ಇನ್ನೊಂದು ತುದಿ ಹಿಡಿದು ಕೂತೆ.