ಹೊಗೇನಕಲ್ಲಿಗೆ ಬೆನ್ನು ಹಾಕಿ

ಹರಿಗೋಲಿನಲ್ಲಿ ಎದುರುಬದುರು ಕೂರಬೇಕಂತೆ,
ತೂಕ ಸರಿಹೋಗಲು.
ನನ್ನ ಬೆನ್ನಿಗೆ ಜಲಪಾತ,
ಎದುರಿಗೆ ತಾರಾಮಣಿ,
ಮೂರು ದಿನದಿಂದ ಮಾತು ಬಿಟ್ಟವಳು.

ಹುಟ್ಟು ಹಾಕುವ ಮಾರಪ್ಪನ್‌ದು ಅರ್ಧ ತಮಿಳು:
“ಅಂದ ಬಂಡೆ ನಿಮ್ದು, ಇಂದ ಬಂಡೆ ನಮ್ದು,
ನಡುವೆ ಇರೋದು ಬರೀ ನೀರು, ಸಾರ್.”

ಮೊರೆತ ಕೇಳುತ್ತಿದೆ. ಕತ್ತು ತಿರುಗಿಸಿದರೆ
ಗದರುತ್ತಾನೆ, ಅಲ್ಲಾಡಬೇಡಿ.
ಸರಿ, ಅವಳ ಕನ್ನಡಕದಲ್ಲೇ ನೋಡಿದೆ:
ಎರಡು ಪುಟ್ಟ ಜಲಪಾತ.
ಎಡಗಡೆಯದಕ್ಕೊಂದು ಸಣ್ಣ ಬಿರುಕು,
ಮೊನ್ನೆ ನಾನು ಬಾಗಿಲು ಬಡಿದಾಗ ಬಿದ್ದದ್ದು.
ಆಮೇಲೆ ಹನಿ ಕೂತು ಎರಡೂ ಮಸುಕು.

ಮಾರಪ್ಪನ್ ಹುಟ್ಟು ಒತ್ತಿ ಗಿರ್ರನೆ ತಿರುಗಿಸಿದ.
ಈಗ ನನಗೆ ಜಲಪಾತ,
ಅವಳಿಗೆ ನಾನು.
ಕನ್ನಡಕ ತೆಗೆದು ಸೆರಗಿಗೆ ಒರೆಸುತ್ತ
ಅಂದಳು, “ಹೊಗೆ ಅಂತಾರೆ. ಎಲ್ಲಿದೆ?”

ದಡದಲ್ಲಿ ಯಾರೋ ಮೀನು ಹುರಿಯುತ್ತಿದ್ದರು.
“ಅಗೋ,” ಅಂದೆ.