ತೂತು ತಟ್ಟೆಗಳ ಲೆಕ್ಕ

ಸೋಮವಾರ ಎಣಿಸಿದಾಗ ತಿಂಡಿ ತಟ್ಟೆ ನೂರಾ ನಲವತ್ತು.
ಗುರುವಾರ ನೂರಾ ಇಪ್ಪತ್ತೊಂಬತ್ತು.
ಮಜ್ಜಿಗೆ ಬಟ್ಟಲೂ ಅಷ್ಟೇ, ಹನ್ನೊಂದು ಕಮ್ಮಿ.
ಕಳ್ಳನಾದರೆ ಜೋಡಿ ನೋಡಿ ಕದಿಯುತ್ತಾನೆಯೇ?
ಆದರೂ ಪಾತ್ರೆ ತೊಳೆಯುವ ಸಾಕಮ್ಮನನ್ನು ಬೈದೆ.
ಎರಡು ದಿನ ಅವಳು ಮಾತಾಡಲಿಲ್ಲ,
ಸೌಟುಗಳನ್ನು ಮಾತ್ರ ಕುಕ್ಕಿ ಕುಕ್ಕಿ ಇಟ್ಟಳು.

ಗಂಗೋತ್ರಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮೆಸ್ಸು ನನ್ನದು,
ಹತ್ತೊಂಬತ್ತು ವರ್ಷದಿಂದ.
ಇಲ್ಲಿಯವರು ಏನೇನು ಓದುತ್ತಾರೋ ನನಗೆ ತಿಳಿಯದು,
ಯಾರು ಬದನೆಕಾಯಿ ಪಕ್ಕಕ್ಕಿಡುತ್ತಾರೆ, ತಿಳಿದಿದೆ.

ಆ ರಾತ್ರಿ ಹಾಲಿಗೆ ಹೆಪ್ಪು ಬಿಟ್ಟು ಬೀಗ ತಿರುವುವಾಗ
ಸೈಕಲ್ ಸ್ಟ್ಯಾಂಡಿನ ಕಡೆಯಿಂದ ಸದ್ದು,
ಮದುವೆಮನೆಯಲ್ಲಿ ಮೊದಲ ಪಂಕ್ತಿ ಎದ್ದ ಮೇಲೆ ಬರುವಂಥದು,
ಆದರೆ ಲೆಕ್ಕ ತಪ್ಪದ್ದು.
ಹೋಗಿ ನೋಡಿದರೆ ನನ್ನ ತಟ್ಟೆಗಳು!
ನಟ್ಟನಡುವೆ ಮೊಳೆ ಹೊಡೆದು
ಹಳೇ ದುಪಟ್ಟದ ಅಂಚು ಸೀಳಿ ಪೋಣಿಸಿ,
ಎಡಗೈಯಲ್ಲಿ ಬಟ್ಟಲು ಹಿಡಿದು, ಬಲಗೈಯಿಂದ ಬೀಸಿ
ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯ ಕೆಳಗೆ
ಬಡಿಯುತ್ತಿದ್ದರು ಹನ್ನೊಂದು ಹುಡುಗಿಯರು.
ಎದುರಿಗೆ ಮುರುಕು ಕುರ್ಚಿ, ಮಡಿಲಲ್ಲಿ ಟಾರ್ಚು,
ರಾತ್ರಿ ಪಾಳಿಯ ಜಡೆಮಾದಯ್ಯ, ಹನೂರು ಸೀಮೆಯವನು.

‘ನನ್ನ ಕಂಸಾಳೆ ಕೊಡಾಕಿಲ್ಲ ಕಣವ್ವ,’ ಅಂದ ನಾನು ಕೇಳುವ ಮೊದಲೇ,
‘ದೀಕ್ಸೆ ಆಗ್ದೋರು ಮುಟ್ಟೋ ವಸ್ತುವಲ್ಲ,
ಹೆಣ್ಮಕ್ಕಳ ಕೈಗಂತೂ ನಮ್ಮಪ್ಪನ ಕಾಲದಲ್ಲೂ ಕೊಟ್ಟಿಲ್ಲ.
ಆದ್ರೆ ನಿನ್ ತಟ್ಟೆಗ್ಯಾವ ದೀಕ್ಸೆ?
ಅದನ್ನ ಯಾರ್ ಬೇಕಾದ್ರೂ ಬಡೀಬೋದು.’

ವಾರ್ಡನ್ನಿಗೆ ಹೇಳಬೇಕಿತ್ತು.
‘ನಾಳೆ ಉಪ್ಪಿಟ್ಟು. ಏಳೂವರೆಗೆ ತಟ್ಟೆ ಬರಲಿ’ ಅಂದು ಬಂದೆ.
ಸಾಕಮ್ಮನಿಗೆ ಬೆಲ್ಲದ ಕಾಫಿ ಮಾಡಿಕೊಟ್ಟೆ.
ಕುಡಿದಳು. ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ.

ಆಮೇಲೆ ನಾನು ಬೀಗ ಹಾಕುವುದೇ ತಡವಾಗತೊಡಗಿತು.
ಭೌತಶಾಸ್ತ್ರದ ಮಾದಲಾಂಬೆ ಎಣಿಕೆ ಹೇಳುವಳು,
ಒಂದು ಬೆರಳು ಗಾಳಿಯಲ್ಲಿ.
ತಸ್ಕೀನಳ ಮಂಡಿ ನೇರಳೆಹಣ್ಣಾಗಿತ್ತು.
ಚರಿತ್ರೆಯ ಶಾರ್ವರಿಗೆ ತಟ್ಟೆಯಂಚು ತಾಕಿ
ಹುಬ್ಬಿಗೆ ಮೂರು ಹೊಲಿಗೆ;
‘ಮೆಟ್ಟಿಲು ಜಾರಿದೆ’ ಎಂದು ಊರಿಗೆ ಫೋನು ಮಾಡಿದಳು,
ನನ್ನ ಎದುರೇ, ನನ್ನ ಕಣ್ಣನ್ನೇ ನೋಡುತ್ತ.

ಮೂರು ಭಾನುವಾರ ಕೋಳಿ ಬೇಡವೆಂದು
ಇಡೀ ಹಾಸ್ಟೆಲ್ಲು ಸಹಿ ಹಾಕಿ ಕೊಟ್ಟ ಕಾಗದ
ಇನ್ನೂ ನನ್ನ ಬಳಿ ಇದೆ.
ಆ ದುಡ್ಡಿಗೆ ಮಾರ್ಕೆಟ್ಟಿನಿಂದ ಕಂಚು ಬಂತು.
ಜಡೆಮಾದಯ್ಯ ಒಂದನ್ನು ಉಗುರಲ್ಲಿ ತಟ್ಟಿ ಕಿವಿಗಿಟ್ಟುಕೊಂಡ.
ಬಹಳ ಹೊತ್ತು.
‘ಅಂಗಡಿ ಕಂಚು. ಇನ್ನೂ ಯಾರ್ದೂ ಅಲ್ಲ. ಇಟ್ಕಳಿ.’

ಯುವಜನೋತ್ಸವದ ಸಂಜೆ
ಅನ್ನದ ಗುಂಡಿಗೆ ಸಾಕಮ್ಮನಿಗೊಪ್ಪಿಸಿ
ಬಯಲು ರಂಗಮಂದಿರದ ಮೆಟ್ಟಿಲೇರಿದೆ.
ಹತ್ತೊಂಬತ್ತು ವರ್ಷ ಅದರ ಮೈಕನ್ನು ಕೇಳಿಸಿಕೊಂಡವಳು,
ಕಲ್ಲು ಇಷ್ಟು ಬೆಚ್ಚಗಿರುತ್ತದೆಂದು ಅಂದು ಗೊತ್ತಾಯಿತು.
ಕುಕ್ಕರಹಳ್ಳಿ ಕೆರೆಯಿಂದ ಬಂದ ಗಾಳಿಗೆ ಬ್ಯಾನರು ಉಬ್ಬಿತ್ತು.
ಕಂಚು ಮಾತಾಡಿತು.
ಯಾರೋ ಹಿಂದೆ, ‘ಹುಡುಗೀರಾ ಇವ್ರು?’ ಅಂದರು.
ನಾನು ತಿರುಗಿ ನೋಡಲಿಲ್ಲ; ತುಟಿಯಲ್ಲಿ ಎಣಿಸುತ್ತಿದ್ದೆ,
ತಸ್ಕೀನ್ ಒಂದು ಏಟು ತಪ್ಪಿದಳು,
ಗೇಟಿನ ಕತ್ತಲಲ್ಲಿ ಟಾರ್ಚೊಂದು ತಟ್ಟನೆ ಹೊತ್ತಿ ಆರಿತು.

ಬಹುಮಾನ ಮಂಡ್ಯದ ಡೊಳ್ಳಿನವರಿಗೆ ಹೋಯಿತು.
ನ್ಯಾಯವಾಗಿಯೇ ಹೋಯಿತು, ಚೆನ್ನಾಗಿ ಬಡಿದಿದ್ದರು.
ವಾಪಸು ಬರುವಾಗ ಜಡೆಮಾದಯ್ಯನ ಹೆಗಲಲ್ಲಿ
ಅವನ ಬಟ್ಟೆಚೀಲ. ಯಾಕೆ ತಂದಿದ್ದನೋ.
ಗಂಟು ಬಿಚ್ಚಿರಲಿಲ್ಲ.

ಶನಿವಾರ ದಾಸ್ತಾನು ತಪಾಸಣೆ.
ಕಚೇರಿಯವರು, ‘ಇವನ್ನು ಗುಜರಿಗೆ ಹಾಕಿ’ ಎಂದರು.
ಅವರು ಹೋದ ಮೇಲೆ ಪುಸ್ತಕ ತೆರೆದು ಬರೆದೆ:
ತಿಂಡಿ ತಟ್ಟೆ, ನಡುವೆ ತೂತು ಬಿದ್ದವು, ಹನ್ನೊಂದು.
ಸಾಂಬಾರಿಗೆ ಆಗವು. ಚಪಾತಿಗೆ ಆಗುತ್ತವೆ.
ಬಿಸಾಡಕೂಡದು.